ಹಳೆ ಟ್ರ್ಯಾಕ್ಟರ್ ಕೊಳ್ಳುವ ಮುಂಚೆ

ನಮ್ಮ ಅರಕೇರಾ ಸುತ್ತ ಎರೆ ಹೊಲಗಳಿವೆ. ದೇವದುರ್ಗ ಕಡೆ ನಾರಾಯಣಪುರ ಬಲದಂಡೆ ಕಾಲುವೆ ಬಂದ ಮೇಲೆ ಭತ್ತದ ಗದ್ದೆಗಳೂ ಆಗಿವೆ. ಹೊಸ ಟ್ರ್ಯಾಕ್ಟರಿಗೆ ರೊಕ್ಕ ಸಾಲದು. ಹಳೆಯದು ತರೋಣ ಅಂತೀವಿ. ಯಾವುದು ಬಹುಕಾಲ ಬಾಳೀತು?

ಎಚ್‌ಎಂಟಿ 1971ರಿಂದ ಟ್ರ್ಯಾಕ್ಟರ್ ತಯಾರಿಸಿತು. ಗಟ್ಟಿ ಗಾಡಿ ಅಂತ ಹೆಸರಾಯಿತು. 2016ರಲ್ಲಿ ಸರ್ಕಾರ ಆ ಕಾರ್ಖಾನೆ ಮುಚ್ಚಲು ತೀರ್ಮಾನಿಸಿತು. ಮಹೀಂದ್ರ 1963ರಲ್ಲಿ ಶುರು ಮಾಡಿತು. ಇಂದಿಗೂ ತಯಾರಿಸುತ್ತಿದೆ. ಬಿಡಿ ಭಾಗ ಸಿಗದಿದ್ದರೆ ಗಟ್ಟಿ ಗಾಡಿಯೂ ಬಿತ್ತನೆ ಹೊತ್ತಿಗೆ ನಿಂತೀತು. ಆದ್ದರಿಂದ ಮೊದಲು ರಾಯಚೂರಿನ ಅಂಗಡಿಗಳಲ್ಲಿ ಬಿಡಿ ಭಾಗ ವಿಚಾರಿಸೋಣ.

ಒಂದೇ ಕಂಪನಿಯ ಎರಡು ಗಾಡಿಗಳೂ ಒಂದೇ ತರಹ ಇರುವುದಿಲ್ಲ. ಗದ್ದೆ ಕೆಸರಿನಲ್ಲಿ ದುಡಿದ ಗಾಡಿಯ ಸೀಲು ಸವೆದರೆ ಗೇರ್ ಎಣ್ಣೆಗೆ ನೀರು ಸೇರುತ್ತದೆ. ಆಗ ಎಣ್ಣೆ ಹಾಲಿನಂತೆ ಬೆಳ್ಳಗಾಗುತ್ತದೆ. ನೀಲಿ ಹೊಗೆ ಬಂದರೆ ಎಂಜಿನ್ ಒಳಗೆ ಆಯಿಲ್ ಉರಿಯುತ್ತಿದೆ ಎಂದರ್ಥ. ಹೊಸ ಬಣ್ಣ ಕಂಡು ಮೋಸ ಹೋಗಬಾರದು. ಮೆಕ್ಯಾನಿಕ್ಕನನ್ನು ಕರೆದೊಯ್ಯೋಣ.

ಆರ್‌ಸಿ ಕೇಳಿ ಪಡೆಯೋಣ. ಅದರಲ್ಲಿ ತಯಾರಾದ ವರ್ಷ ಇರುತ್ತದೆ, ಎಂಜಿನ್ ನಂಬರು ಇರುತ್ತದೆ. ಆ ನಂಬರನ್ನು ಗಾಡಿಯ ನಂಬರಿನೊಂದಿಗೆ ತಾಳೆ ನೋಡೋಣ. ಬ್ಯಾಂಕಿನ ಹೆಸರಿದ್ದರೆ ಸಾಲ ತೀರಿದೆಯೇ ಎಂದು ಬ್ಯಾಂಕಿನಲ್ಲೇ ಕೇಳೋಣ. ಅಂಕಿ ಓದಲು ಕಲಿತಿದ್ದೇವೆ. ಇನ್ನು ಓದದೆ ಹೆಬ್ಬೆಟ್ಟು ಒತ್ತುವುದು ಬೇಡ.