ಪರದೆಯ ಮೇಲೆ 405, ಟಿಸಿ ಬಳಿ 350

ಫೋನ್ ಮಾಡಿದ ರೈತರು ಬೈದಿದ್ದರೆ ಸಮಾಧಾನವಾಗುತ್ತಿತ್ತು. ‘ಮೋಟ್ರು ಗುಂಯ್ ಅಂತದೆ ಸಾರ್, ನೀರೆತ್ತಲ್ಲ. ಒಂದ್ಸಲ ಬಂದು ನೋಡಿ’ ಎಂದರಷ್ಟೇ. ಅವರಿಗೆ ಕರೆಂಟು ಕೊಡುವ ಫೀಡರಿನ ಕೊನೆಯ ಟಿಸಿಗೆ, ಅಂದರೆ ಟ್ರಾನ್ಸ್‌ಫಾರ್ಮರಿಗೆ, ನನ್ನ ಕಂಪ್ಯೂಟರು 405 ವೋಲ್ಟ್ ತೋರಿಸುತ್ತಿತ್ತು. ಲೈನ್‌ಮನ್ ಜೊತೆ ಹೋಗಿ ಮೀಟರ್ ಹಿಡಿದರೆ 350.

ಆ 405 ಅಳೆದದ್ದಲ್ಲ, ಅಂದಾಜು. ಮೀಟರುಗಳ ಅಳತೆಯಿಂದ ಜಾಲದ ಸ್ಥಿತಿಯನ್ನು ಹೀಗೆ ಅಂದಾಜಿಸುವ ವಿಧಾನವನ್ನು 1970ರಲ್ಲಿ ಎಂಐಟಿಯ ಫ್ರೆಡ್ ಶ್ವೆಪ್ಪೆ ಮುಂದಿಟ್ಟದ್ದು ದೊಡ್ಡ ಪ್ರಸರಣ ಜಾಲಗಳಿಗೆ. ಅಲ್ಲಿ ಬೇಕಾದ್ದಕ್ಕಿಂತ ಹೆಚ್ಚೇ ಮೀಟರುಗಳಿರುತ್ತವೆ; ಒಂದು ಸುಳ್ಳು ಹೇಳಿದರೆ ಉಳಿದವು ಹಿಡಿದುಕೊಡುತ್ತವೆ. ನಮ್ಮ 11 ಕೆವಿ ಫೀಡರಿನಲ್ಲಿ ಇದ್ದದ್ದು ಸಬ್‌ಸ್ಟೇಷನ್ನಿನಲ್ಲೊಂದೇ ಮೀಟರು. ಮುಂದೆ ಹತ್ತಾರು ಟಿಸಿ, ಮೀಟರಿಲ್ಲದ ಪಂಪ್‌ಸೆಟ್‌ಗಳು. ಒಟ್ಟು ಕರೆಂಟನ್ನು ಟಿಸಿಗಳ ಕೆವಿಎ ಸಾಮರ್ಥ್ಯ ನೋಡಿ, 100ಕ್ಕಿಷ್ಟು, 63ಕ್ಕಿಷ್ಟು, 25ಕ್ಕಿಷ್ಟು ಎಂದು ಹಂಚಿ, ಆ ಊಹೆಯನ್ನೇ ಅಳತೆ ಎಂದು ಕಂಪ್ಯೂಟರಿಗೆ ಉಣಿಸಿದ್ದೆ.

ಕಂಬದ ಬುಡದಲ್ಲಿ ನಿಂತಾಗ ಲೈನ್‌ಮನ್ ಹೇಳಿದ: ‘ಮಳೇಲಿ ಪಕ್ಕದ ಫೀಡರ್ ಕಂಬ ಬಿದ್ವಲ್ಲ ಸಾರ್, ಅದರ ಲೋಡು ಇಲ್ಲಿಗೇ ತಗೊಂಡಿದ್ದು. ಆವತ್ತೇ ಬುಕ್ಕಲ್ಲಿ ಬರೆದಿದೀನಿ.’ ತಲೆಯೆತ್ತಿದರೆ ಎರಡು ಫೀಡರುಗಳನ್ನು ಸೇರಿಸುವ ಸ್ವಿಚ್ಚು, ಜಿಓಎಸ್, ಕೂಡಿಕೊಂಡಿದೆ. ನನ್ನ ಕಂಪ್ಯೂಟರಿನ ನಕ್ಷೆಯಲ್ಲಿ ಅದು ತೆರೆದೇ ಇತ್ತು.

ಹೆಚ್ಚಾದ ಹೊರೆ ಇದ್ದದ್ದು ಲೈನಿನ ತುದಿಯಲ್ಲಿ. ಕಂಪ್ಯೂಟರು ಅದನ್ನು ಎಲ್ಲ ಟಿಸಿಗಳಿಗೂ ಪ್ರಸಾದದಂತೆ ಹಂಚಿಬಿಟ್ಟಿತ್ತು. ಸಬ್‌ಸ್ಟೇಷನ್ ಮೀಟರಿಗೂ ಲೆಕ್ಕಕ್ಕೂ ಕೂದಲೆಳೆಯ ವ್ಯತ್ಯಾಸವಿರಲಿಲ್ಲ. ವಾರಗಟ್ಟಲೆ ಅದನ್ನೇ ಹೆಮ್ಮೆಯಿಂದ ತೋರಿಸಿಕೊಂಡು ತಿರುಗಿದ್ದೆ. ತಾಳೆ ನೋಡಲು ಇನ್ನೊಂದು ಮೀಟರಿಲ್ಲದ ಮೇಲೆ ವ್ಯತ್ಯಾಸ ಬರುವುದಾದರೂ ಎಲ್ಲಿಂದ?

ಮೀಟರುಗಳು ಸಾಕಷ್ಟಿದ್ದರೂ ನಕ್ಷೆ ಕೈಕೊಡುತ್ತದೆ. 2003ರ ಆಗಸ್ಟ್ 14ರಂದು ಅಮೆರಿಕದ ಗ್ರಿಡ್ ಕೇಂದ್ರವೊಂದರಲ್ಲಿ ಲೆಕ್ಕ ಕೂಡಲಿಲ್ಲ. ಒಂದು ಲೈನು ಕಡಿತಗೊಂಡಿದ್ದು ಮಾದರಿಗೆ ತಿಳಿದಿರಲಿಲ್ಲ. ಸರಿಪಡಿಸಿದ ತಜ್ಞರು, ಐದು ನಿಮಿಷಕ್ಕೊಮ್ಮೆ ಲೆಕ್ಕ ತಾನಾಗಿ ಓಡುವ ವ್ಯವಸ್ಥೆಯನ್ನು ಮತ್ತೆ ಚಾಲೂ ಮಾಡಲು ಮರೆತು ಊಟಕ್ಕೆ ಹೋದರು. ಅಂದು ಸಂಜೆ ಸುಮಾರು 5 ಕೋಟಿ ಜನರಿಗೆ ಕರೆಂಟು ಹೋಯಿತು. ಕಾರಣಗಳು ಬೇರೆಯೂ ಇದ್ದವು, ಆದರೂ ಆ ಊಟದ ಸಂಗತಿ ಓದಿದಾಗೆಲ್ಲ ನನಗೆ ನನ್ನ ಜಿಓಎಸ್ ನೆನಪಾಗುತ್ತದೆ.

ಆಮೇಲೆ ಬೆಳಿಗ್ಗೆ ಕಂಪ್ಯೂಟರಿಗೆ ಮುಂಚೆ ಲೈನ್‌ಮನ್‌ನ ಬುಕ್ಕು ನೋಡುವ ರೂಢಿಯಾಯಿತು. ಕಾಡಿಬೇಡಿ ಫೀಡರಿನ ನಡುವೆ ಇನ್ನೊಂದು ಮೀಟರನ್ನೂ ಹಾಕಿಸಿದೆ. ಮೊದಲ ದಿನವೇ ತಾಳೆ ತಪ್ಪಿತು: ಹೊಸ ಮೀಟರು ತೋರಿಸಿದ ಕರೆಂಟು ಲೆಕ್ಕದ ಇಮ್ಮಡಿ. ಹೋಗಿ ನೋಡಿದರೆ ಮೀಟರಿಗೆ ಕರೆಂಟನ್ನು ಇಳಿಸಿ ಕೊಡುವ ಸಿಟಿಯ (ಕರೆಂಟ್ ಟ್ರಾನ್ಸ್‌ಫಾರ್ಮರಿನ) ಮೇಲೆ ಅನುಪಾತ 100/5 ಎಂದಿದೆ. ನಾನೇ 200/5 ಎಂದು ನಮೂದಿಸಿದ್ದೆ.