ಉಣ್ಣಿ, ಹೇನು, ಕಜ್ಜಿ: ಕುರಿ-ಮೇಕೆಯ ಮೈಗಷ್ಟೇ ಅಲ್ಲ, ದೊಡ್ಡಿಗೂ ಮದ್ದು ಬೇಕು

ಮೇವು ತಿಂದರೂ ಮೈ ಹಿಡಿಯದ, ಗೋಡೆಗೆ ಮೈ ಉಜ್ಜುವ ಕುರಿ-ಮೇಕೆ ಕಂಡರೆ ಕೂಡಲೇ ಹಿಡಿದು ತಡವಿ ನೋಡಿ. ಕಿವಿಯ ಒಳಮಗ್ಗುಲು, ಬಾಲದ ಬುಡ, ಕೆಚ್ಚಲು-ತೊಡೆಯ ಸಂದು, ಗೊರಸಿನ ನಡುವೆ ಉಣ್ಣಿ ಕಚ್ಚಿ ಕೂತಿರುತ್ತದೆ. ಕೆಳರೆಪ್ಪೆ ಎಳೆದಾಗ ಒಳಪೊರೆ ಬಿಳಿಚಿದ್ದರೆ ರಕ್ತಹೀನತೆ ಎಂದರ್ಥ. ಜಂತುಹುಳುವಿನಿಂದಲೂ ಹೀಗಾಗುತ್ತದೆ, ಆದ್ದರಿಂದ ಹಿಕ್ಕೆಯನ್ನೂ ಪರೀಕ್ಷೆ ಮಾಡಿಸಿ.

ಮತ್ತೆ ಮತ್ತೆ ಹತ್ತುವುದೇಕೆ?

ರಕ್ತ ಹೀರಿ ಉಬ್ಬಿದ ಹೆಣ್ಣು ಉಣ್ಣಿ ಮೈಮೇಲೆ ಮೊಟ್ಟೆ ಇಡುವುದಿಲ್ಲ. ಕೆಳಗೆ ಬಿದ್ದು, ಗೋಡೆಯ ಬಿರುಕು, ಕಲ್ಲುಸಂದಿ, ಗೊಬ್ಬರದ ಅಡಿ ಸೇರಿ ಸಾವಿರಾರು ಮೊಟ್ಟೆ ಇಡುತ್ತದೆ. ಅದರ ಮರಿಗಳು ಆಹಾರವಿಲ್ಲದೆ ತಿಂಗಳುಗಟ್ಟಲೆ ಬದುಕಬಲ್ಲವು. ದೊಡ್ಡಿಯನ್ನು ಬಿಟ್ಟು ಬರೀ ಮೈಗೆ ಮದ್ದು ಹೊಡೆದರೆ ಉಣ್ಣಿ ತೊಲಗದಿರುವುದು ಇದರಿಂದಲೇ.

ಹೇನು ಮಾತ್ರ ಜೀವನಪೂರ್ತಿ ಮೈಮೇಲೇ ಇರುತ್ತದೆ. ಕೂದಲಿಗೆ ಅಂಟಿದ ಸೀರು ಮದ್ದಿಗೆ ಸಾಯುವುದಿಲ್ಲ. ಒಂದೆರಡು ವಾರದಲ್ಲಿ ಒಡೆದು ಹೊಸ ಹೇನು ಬರುತ್ತದೆ. ಕಜ್ಜಿ ನುಸಿ ಬರಿಗಣ್ಣಿಗೆ ಕಾಣದು. ಚರ್ಮ ದಪ್ಪಗಾಗಿ ಹಕ್ಕಳೆ ಕಟ್ಟಿದ್ದರೆ ಪಶುವೈದ್ಯರಿಂದ ಚರ್ಮ ಕೆರೆಸಿ ಪರೀಕ್ಷೆ ಮಾಡಿಸಿ.

ಮೈಗೆ ಮದ್ದು

* ಶೇ 1.25ರ ಡೆಲ್ಟಾಮೆಥ್ರಿನ್ ದ್ರಾವಣವಾದರೆ ಉಣ್ಣಿಗೆ ಲೀಟರ್ ನೀರಿಗೆ 2 ಮಿ.ಲೀ. ಬೆರೆಸಿ. ಬೇರೆ ಮದ್ದಾದರೆ ಬಾಟಲಿಯ ಮೇಲಿನ ಪ್ರಮಾಣವನ್ನೇ ಅನುಸರಿಸಿ.
* ಬಿಸಿಲಿರುವ ಬೆಳಿಗ್ಗೆ, ಮೊದಲು ನೀರು ಕುಡಿಸಿ, ಇಡೀ ಹಿಂಡಿಗೆ ಒಂದೇ ದಿನ ಹೊಡೆಯಿರಿ. ಕಣ್ಣು, ಬಾಯಿಗೆ ತಾಗದಿರಲಿ.
* ಎಳೆ ಮರಿ, ತುಂಬು ಗಬ್ಬದ ಪ್ರಾಣಿ, ಮೈಯಲ್ಲಿ ಗಾಯವಿರುವ ಪ್ರಾಣಿಗೆ ವೈದ್ಯರನ್ನು ಕೇಳದೆ ಹೊಡೆಯಬೇಡಿ.
* 14 ದಿನ ಬಿಟ್ಟು ಮತ್ತೊಮ್ಮೆ ಹೊಡೆಯಿರಿ. ಸೀರಿನಿಂದ ಹೊರಬಂದ ಹೇನು ಮೊಟ್ಟೆ ಇಡುವ ಮುನ್ನವೇ ಸಾಯುತ್ತದೆ.
* ಕಜ್ಜಿಗೆ ಕೊಡುವ ಐವರ್‌ಮೆಕ್ಟಿನ್ ಚುಚ್ಚುಮದ್ದನ್ನು ತೂಕ ನೋಡಿ ವೈದ್ಯರೇ ಕೊಡಲಿ. ಹಾಲು, ಮಾಂಸವನ್ನು ಎಷ್ಟು ದಿನ ಬಳಸಬಾರದೆಂದು ಕೇಳಿಕೊಳ್ಳಿ.

ದೊಡ್ಡಿಗೆ ಮದ್ದು

ಅದೇ ದಿನ ಗೊಬ್ಬರ ಬಳಿದು ದೂರದ ತಿಪ್ಪೆಗೆ ಹಾಕಿ. ಗೋಡೆಯ ಸಂದಿಗೊಂದಿಗೆ ಮದ್ದು ಸಿಂಪಡಿಸಿ, ಪೂರ್ತಿ ಒಣಗಿದ ಮೇಲೆಯೇ ಹಿಂಡನ್ನು ಒಳಗೆ ಬಿಡಿ. ಬಳಿಕ ಬಿರುಕುಗಳನ್ನು ಮೆತ್ತಿ ಸುಣ್ಣ ಬಳಿಯಿರಿ. ನಾಟಿ ಕೋಳಿಗಳಿದ್ದರೆ ಅವೂ ಉಣ್ಣಿ ಹೆಕ್ಕಿ ತಿನ್ನುತ್ತವೆ. ಮದ್ದು ಹೊಡೆದ ದಿನ ಮಾತ್ರ ಅವನ್ನು ದೂರವಿಡಿ. ಡೆಲ್ಟಾಮೆಥ್ರಿನ್ ಮೀನಿಗೆ ವಿಷ, ಉಳಿದ ನೀರನ್ನು ಕೆರೆ-ಹಳ್ಳಕ್ಕೆ ಚೆಲ್ಲಬೇಡಿ. ಕೈಗವಸು, ಮುಖಗವಸು ತಪ್ಪಿಸಬೇಡಿ.

ಮಳೆಗಾಲದಲ್ಲಿ ಉಣ್ಣಿ ಹೆಚ್ಚುತ್ತದೆ, ಹಾಗಾಗಿ ಮುಂಗಾರಿಗೆ ಮುನ್ನವೇ ಈ ಕೆಲಸ ಮುಗಿಸಿ. ಸಂತೆಯಿಂದ ತಂದ ಪ್ರಾಣಿಯನ್ನು ಮೂರು ವಾರ ಬೇರೆ ಕಟ್ಟಿ, ಮೈ ಶುದ್ಧವಿದೆಯೆಂದು ಖಾತ್ರಿಯಾದ ಮೇಲಷ್ಟೇ ಹಿಂಡಿಗೆ ಬಿಡಿ.