ಆಲೆಮನೆ ಬೆಲ್ಲ

ಮಂಡ್ಯ ಸೀಮೆ ಕಬ್ಬಿನ ಸೀಮೆ. ಇಲ್ಲಿ ಬೆಲ್ಲ ಮಾಡುವ ಜಾಗಕ್ಕೆ ಆಲೆಮನೆ ಅಂತಾರೆ. ಬನ್ನಿ, ಒಳಗೆ ಹೋಗಿ ನೋಡೋಣ.

ಮೊದಲು ಕಬ್ಬನ್ನು ಗಾಣಕ್ಕೆ ಕೊಡುತ್ತಾರೆ. ಹಿಂದೆ ಎತ್ತುಗಳು ಗಾಣ ತಿರುಗಿಸುತ್ತಿದ್ದವು. ಈಗ ಮೋಟಾರು ತಿರುಗಿಸುತ್ತದೆ. ಕಬ್ಬಿನ ಹಾಲನ್ನು ಸೋಸಿ ಕೊಪ್ಪರಿಗೆಗೆ ಬಿಡುತ್ತಾರೆ. ಒಣಗಿದ ಕಬ್ಬಿನ ಸಿಪ್ಪೆಯೇ ಒಲೆಗೆ ಸೌದೆ.

ಹಾಲು ಕಾಯುತ್ತದೆ. ಅದಕ್ಕೆ ಸ್ವಲ್ಪ ಸುಣ್ಣದ ತಿಳಿ ಹಾಕುತ್ತಾರೆ. ಬೆಂಡೆ ಗಿಡ ಜಜ್ಜಿದ ಲೋಳೆಯನ್ನೂ ಹಾಕುತ್ತಾರೆ. ಕೊಳೆ ಮೇಲೆ ತೇಲುತ್ತದೆ. ಅದನ್ನು ತೆಗೆಯುತ್ತಾರೆ. ಪಾಕ ಬಂತೇ? ತಣ್ಣೀರಿಗೆ ಒಂದು ತೊಟ್ಟು ಬಿಟ್ಟು ನೋಡುತ್ತಾರೆ. ಉಂಡೆ ಕಟ್ಟಿದರೆ ಪಾಕ ಬಂತು. ಆಮೇಲೆ ಅಚ್ಚಿಗೆ ಹುಯ್ಯುತ್ತಾರೆ. 1 ಟನ್ ಕಬ್ಬಿಗೆ ಸುಮಾರು 100 ಕಿಲೋ ಬೆಲ್ಲ ಬರುತ್ತದೆ.

ಒಂದು ದಿನ ಸೊಸೆ ಅಂಗಡಿಯಿಂದ ಬೆಳ್ಳನೆ ಬೆಲ್ಲ ತಂದಳು.

"ಅತ್ತೆ, ಎಷ್ಟು ಚೆನ್ನಾಗಿದೆ ನೋಡಿ!"

"ಅಲ್ಲ ಕಣವ್ವ, ಬೆಲ್ಲ ಇಷ್ಟು ಬೆಳ್ಳಗಿರುತ್ತಾ? ಇದಕ್ಕೆ ಹೈಡ್ರೋಸ್ ಹಾಕಿರಬೇಕು. ಅದು ಬಟ್ಟೆಗೆ ಬಣ್ಣ ಹಾಕೋ ಕಡೆ ಬಳಸೋ ಪುಡಿ."

"ಕಪ್ಪು ಬೆಲ್ಲಕ್ಕೆ ಬೆಲೆ ಕಮ್ಮಿ ಅಂತ ಹಾಕ್ತಾರಂತೆ, ಅತ್ತೆ."

"ಕೊಳ್ಳೋರು ಬಿಳೀದೇ ಕೇಳಿದ್ರೆ ಮಾಡೋರು ಇನ್ನೇನು ಮಾಡ್ತಾರೆ? ಮೊದಲು ನಾವು ಕೇಳೋದು ಬಿಡಬೇಕು."

ಅತ್ತೆ ಹೇಳಿದ್ದು ನಿಜ. ಹೈಡ್ರೋಸ್ ಹಾಕಿದರೆ ಬೆಲ್ಲದಲ್ಲಿ ಗಂಧಕದ ಅಂಶ ಉಳಿಯುತ್ತದೆ. ಉಬ್ಬಸ ಇರುವವರಿಗೆ ಅದು ಆಗದು. ಬಣ್ಣ ನೋಡಿ ಮೋಸ ಹೋಗಬೇಡಿ. ಕಂದು ಬಣ್ಣದ ಬೆಲ್ಲ ಕೇಳಿ ತನ್ನಿ.

ಉತ್ತರ ಬರೆಯಿರಿ

1. ಕೊಳೆ ತೆಗೆಯಲು ಏನೇನು ಹಾಕುತ್ತಾರೆ?
2. 3 ಟನ್ ಕಬ್ಬಿಗೆ ಸುಮಾರು ಎಷ್ಟು ಕಿಲೋ ಬೆಲ್ಲ?
3. ನಿಮ್ಮ ಮನೆಯ ಬೆಲ್ಲದ ಬಣ್ಣ ಯಾವುದು?